ಕಚ್ಚಾ ಹೊಲಿಗೆ

ಆಳಂದ
೧೯ ಆಗಸ್ಟ್ ೨೦೨೪

ಸುನೀಲಕುಮಾರ ಅವರಿಗೆ,

ನೀವು ಮಾಡಿದ ಫೋನುಗಳನ್ನೆಲ್ಲ ನೋಡಿದ್ದೇನೆ, ಎತ್ತಿಲ್ಲ. ಮುಂದೆಯೂ ಎತ್ತುವುದಿಲ್ಲ. ಧಮ್ಮಪಾಲ ಫೋನ್ ಮಾಡಿದಾಗಲೆಲ್ಲ ಅವನ ಹಿಂದೆ ನಿಮ್ಮ ನಗು ಕೇಳಿಸುತ್ತಿತ್ತು. ಈಗ ನಿಮ್ಮದೊಂದೇ ದನಿ ಕೇಳುವುದು ನನ್ನಿಂದ ಆಗದು. ಅದಕ್ಕೇ ಈ ಕಾಗದ.

ನನ್ನ ತಮ್ಮ ಥಾಯ್ಲೆಂಡಿನ ಆ ನೀರು ತುಂಬಿದ ಗವಿಯಲ್ಲಿ ಉಳಿದು ಆರು ತಿಂಗಳಾಯಿತು. ಅವನ ಜೊತೆ ಒಳಗೆ ಮುಳುಗಿದವರು ನೀವೊಬ್ಬರೇ, ಹೊರಗೆ ಬಂದವರೂ ನೀವೊಬ್ಬರೇ. ನೀರಿನ ಗವಿಗಳನ್ನು ಶೋಧಿಸುವ ನಿಮ್ಮ ತಂಡದವರು ಇಂಗ್ಲಿಷಿನಲ್ಲಿ ಒಂದು ವರದಿ ಕಳಿಸಿದ್ದರು. ಓಣಿಯ ಮಾಸ್ತರರಿಂದ ಓದಿಸಿದೆ. ನೀರಿನ ಆಳ, ಹೊತ್ತು, ಗಾಳಿಯ ಲೆಕ್ಕ ಎಲ್ಲ ಇತ್ತು. ನನಗೆ ಬೇಕಾದದ್ದು ಇರಲಿಲ್ಲ.

ಅವನು ಮೈಗೆ ಬಿಗಿದುಕೊಂಡಿದ್ದ ಪಟ್ಟಿಗಳನ್ನು ಹೊಲಿದವಳು ನಾನು. ಬಸ್ ಸ್ಟ್ಯಾಂಡಿನ ಹಿಂದಿನ ಇದೇ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಸೀಟು, ಮಳೆಗೆ ಹೊದಿಸುವ ತಾಡಪತ್ರಿ, ಶಾಲೆ ಮಕ್ಕಳ ಚೀಲ ಹೊಲಿಯುವ ಇದೇ ಮಷೀನಿನಲ್ಲಿ. ಅಂಗಡಿಯಲ್ಲಿ ಸಿಗುವ ಪಟ್ಟಿ ಅವನಿಗೆ ಒಗ್ಗುತ್ತಿರಲಿಲ್ಲ. ಊರಿಗೆ ಬಂದಾಗಲೆಲ್ಲ “ಅಕ್ಕಾ, ನನ್ನ ಜತ್ತಗಿ ಒಂದೀಟು ಸರಿ ಮಾಡಿಕೊಡು” ಎಂದು ತಂದು ಎಸೆಯುತ್ತಿದ್ದ. ನಮ್ಮಪ್ಪ ದೇವೀಂದ್ರಪ್ಪ ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಜತ್ತಿಗೆ ಹೊಲಿಯುತ್ತಿದ್ದ. ತಾನೂ ಒಂದು ಎತ್ತು ಎಂಬುದು ಧಮ್ಮನ ತಮಾಷೆ.

ನನ್ನ ಹೊಲಿಗೆ ಬಿಟ್ಟಿತೇ? ಹೌದು ಅಥವಾ ಇಲ್ಲ, ಅಷ್ಟೇ ಬರೆಯಿರಿ. ಸಮಾಧಾನದ ಮಾತು ಬೇಡ.

ಪಂಚಶೀಲಾ


ಜೇವರ್ಗಿ
೨೭ ಆಗಸ್ಟ್ ೨೦೨೪

ಪಂಚಶೀಲಾ ಅಕ್ಕನವರಿಗೆ ಶರಣು.

ಇಲ್ಲ. ನಿಮ್ಮ ಹೊಲಿಗೆಯ ಒಂದು ಎಳೆಯೂ ಬಿಡಲಿಲ್ಲ.

ಅಷ್ಟೇ ಬರೆಯಿರಿ ಎಂದಿದ್ದೀರಿ. ಅಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಸುಳ್ಳು.

ನಾವು ಹಿಂದಿರುಗುತ್ತಿದ್ದೆವು. ದಾರಿಯಲ್ಲಿ ಒಂದು ಕಲ್ಲಿನ ಸಂದಿ ಇದೆ. ಹೊಟ್ಟೆಯ ಮೇಲೆ ಮಲಗಿ, ಒಂದು ಭುಜ ಮುಂದೆ ಒಂದು ಭುಜ ಹಿಂದೆ ಮಾಡಿಕೊಂಡು ನುಸುಳಬೇಕು. ನಾನು ದಾಟಿದ್ದೆ, ಧಮ್ಮ ನನ್ನ ಹಿಂದಿದ್ದ. ನಮ್ಮ ಬೆನ್ನ ಮೇಲಿನ ರೀಬ್ರೀದರ್ ನಿಮಗೆ ಗೊತ್ತು, ಬಿಟ್ಟ ಉಸಿರನ್ನೇ ಸುಣ್ಣದ ಡಬ್ಬಿಯಲ್ಲಿ ತೊಳೆದು ಮತ್ತೆ ಎದೆಗೆ ಕೊಡುವ ಯಂತ್ರ. ಅವನ ಡಬ್ಬಿಯೊಳಗೆ ನೀರು ಹೊಕ್ಕಿರಬೇಕು. ಕೆಟ್ಟ ಉಸಿರೇ ಅವನಿಗೆ ಮತ್ತೆ ಮತ್ತೆ ಬಂತು. ಅವನು ಒದ್ದಾಡಿದ, ತಳದ ರಾಡಿ ಎದ್ದಿತು, ನನ್ನ ಕೈ ನನಗೆ ಕಾಣದಾಯಿತು. ಸಂದಿಯೊಳಗೆ ಎಡಗೈ ತೂರಿಸಿ ತಡಕಿದೆ. ಅವನ ಭುಜದ ಪಟ್ಟಿ ಸಿಕ್ಕಿತು. ಎಳೆದೆ. ಸಂದಿಯ ಆಚೆ ಬಾಯಿಗೆ ಅವನ ಯಂತ್ರ ಸಿಕ್ಕಿಕೊಂಡಿತ್ತು. ಎಳೆದು ಎಳೆದು ನನ್ನ ಭುಜದ ಕೀಲು ತಪ್ಪಿತು, ಆದರೂ ಆ ಪಟ್ಟಿ ಹಾಗೇ ಇತ್ತು. ಅವನ ಮೈ ಅಲ್ಲಾಡುವುದು ಯಾವಾಗಲೋ ನಿಂತಿತ್ತು.

ಪಟ್ಟಿ ಬಿಡಲಿಲ್ಲ ಅಕ್ಕಾ. ನಾನು ಬಿಟ್ಟೆ.

ಸುನೀಲಕುಮಾರ


ಆಳಂದ
೧೨ ಸೆಪ್ಟೆಂಬರ್ ೨೦೨೪

ಸುನೀಲಕುಮಾರ ಅವರಿಗೆ,

ಕಾಗದ ಮುಟ್ಟಿತು. ಉತ್ತರ ಬರೆಯಬೇಕೆಂದು ಕೂತಾಗಲೆಲ್ಲ ಗಿರಾಕಿ ಬಂದರು. ಗಿರಾಕಿ ಬರದಿದ್ದಾಗ ನಾನೇ ಏನಾದರೂ ಕೆಲಸ ಹುಡುಕಿಕೊಂಡೆ.

ನನ್ನನ್ನು ಅಕ್ಕ ಎನ್ನಬೇಡಿ. ಹಾಗೆ ಕರೆಯುವವನು ಒಬ್ಬನಿದ್ದ.

ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಲ್ಲ. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಸುದ್ದಿ ಬಂದ ದಿನ ಒಬ್ಬರ ತಾಡಪತ್ರಿ ಅರ್ಧ ಹೊಲಿದಿದ್ದೆ. ಫೋನ್ ಇಟ್ಟು ಉಳಿದರ್ಧ ಹೊಲಿದು ಮುಗಿಸಿದೆ. ಅಂದಿನಿಂದ ಹಾಗೇ ಇದ್ದೇನೆ. ಊಟ ಮಾಡುತ್ತೇನೆ, ರುಚಿ ತಿಳಿಯುವುದಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಒಂದು ಹೊಲಿಗೆಯೂ ತಪ್ಪುವುದಿಲ್ಲ.

ಅವ್ವ ನನಗಿಂತ ಕಡೆ. ದ್ರೌಪದಿಬಾಯಿ ಎಂದರೆ ಓಣಿಯ ಜಗಳಗಳೆಲ್ಲ ಬಾಯಿ ಮುಚ್ಚುತ್ತಿದ್ದವು. ಈಗ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಾಳೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಬೇಡವೆನ್ನುತ್ತಾಳೆ. ದಿನಕ್ಕೊಮ್ಮೆ ಒಂದೇ ಮಾತು: “ನನ್ನ ಮಗ ಬರ್ತಾನೇನ ಬೇ?” ಸತ್ತದ್ದು ಅವಳಿಗೆ ಗೊತ್ತು. ಬರುತ್ತಾನೆಯೇ ಎಂದರೆ ಅವನ ಮೈ ಬರುತ್ತದೆಯೇ ಎಂದು ಅರ್ಥ. ಮಣ್ಣು ಮಾಡದೆ, ಅವನ ಹೆಸರಿನಲ್ಲಿ ಬುದ್ಧವಂದನೆ ಹೇಳಿಸದೆ ಕೂತಿದ್ದೇವೆ. ನಾನು “ನೋಡೋಣು” ಎನ್ನುತ್ತೇನೆ.

ಪಂಚಶೀಲಾ


ಜೇವರ್ಗಿ
೬ ಅಕ್ಟೋಬರ್ ೨೦೨೪

ಪಂಚಶೀಲಾ ಅವರಿಗೆ ಶರಣು.

ದ್ರೌಪದಮ್ಮನವರಿಗೆ ಇನ್ನು ಮೇಲೆ “ನೋಡೋಣು” ಎನ್ನಬೇಡಿ. ಬರುತ್ತಾನೆ ಎನ್ನಿ. ನಾನು ಹೋಗಿ ತರುತ್ತೇನೆ.

ಇದು ಇಂದು ನಿನ್ನೆಯ ಯೋಚನೆಯಲ್ಲ. ಫೆಬ್ರವರಿಯಲ್ಲಿ ಆ ಗವಿಯ ನೀರು ತಿಳಿಯಾಗುತ್ತದೆ. ತಂಡದ ಇಬ್ಬರು ಸಂದಿಯ ಈಚೆ ತನಕ ಬರಲು ಒಪ್ಪಿದ್ದಾರೆ. ಸಂದಿಯ ಆಚೆ ಒಂದು ಆಳದ ಗುಂಡಿಯಿದೆ, ನಾನು ಕೈ ಬಿಟ್ಟಾಗ ಧಮ್ಮ ಕುಸಿದದ್ದು ಅದರ ದಂಡೆಯ ಮೇಲೆ. ಅಲ್ಲಿಗೆ ನಾನೊಬ್ಬನೇ ಹೋಗುತ್ತೇನೆ. ಅಷ್ಟು ಸಣ್ಣ ದಾರಿಯಲ್ಲಿ ಇಬ್ಬರಿಗೆ ಜಾಗವಿಲ್ಲ, ದಾರಿ ಗೊತ್ತಿರುವವನೂ ನಾನೊಬ್ಬನೇ.

ತೊಡಕು ನನ್ನ ಭುಜದ್ದು. ಆಪರೇಷನ್ ಆದರೂ ಎಡಗೈ ಎದೆಯ ಮಟ್ಟ ದಾಟುವುದಿಲ್ಲ, ಬೆನ್ನ ಹಿಂದೆ ಹೋಗುವುದೇ ಇಲ್ಲ. ಮೈಗೆ ಬಿಗಿಯುವ ಪಟ್ಟಿಗಳ ಹಳೆಯ ಹಾರ್ನೆಸ್ ತೊಟ್ಟರೆ ಅರ್ಧ ಕೊಂಡಿಗಳು ನನ್ನ ಕೈಗೆ ಸಿಗುವುದಿಲ್ಲ. ಹೊಸದು ಬೇಕು, ನನ್ನ ಈ ಮುರುಕು ಮೈಗೆ ಒಪ್ಪುವಂಥದ್ದು. ಯಂತ್ರವನ್ನು ಬೆನ್ನಿನಿಂದ ಇಳಿಸಿ ಬಲ ಪಕ್ಕೆಗೆ ಕಟ್ಟಬೇಕು, ಆಗ ಸಂದಿಯಲ್ಲಿ ಬೆನ್ನು ತಗುಲುವುದಿಲ್ಲ. ನೀರಿನಲ್ಲಿ ತೇಲಿಸುವ ಗಾಳಿಚೀಲ ಸೊಂಟದ ಕೆಳಗೆ ಕೂರಬೇಕು. ಅದು ಮೇಲೆ ಸರಿದರೆ ಕಾಲು ಜೋತು ಬೀಳುತ್ತವೆ, ಕಾಲು ಬಿದ್ದರೆ ರಾಡಿ ಏಳುತ್ತದೆ, ಆಮೇಲೆ ಏನೆಂದು ನಿಮಗೆ ಗೊತ್ತು. ಚಾಕು ಬಲಸೊಂಟಕ್ಕೆ. ಕೊಂಡಿಗಳನ್ನು ಲೋಹಕ್ಕೆ ಲೋಹ ಕೂಡಿಸಿ ಬಿಗಿಯಬೇಡಿ, ನಡುವೆ ದಾರದ ಗಂಟು ಇರಲಿ. ಗವಿಗೆ ಇಳಿಯುವವರ ಮೊದಲ ನಿಯಮ ಅದು. ಏನಾದರೂ ಸಿಕ್ಕಿಕೊಂಡರೆ ದಾರ ಕತ್ತರಿಸಿ ಪಾರಾಗಬಹುದು.

ಬೇರೆ ಕಡೆ ಹೊಲಿಸಬಹುದು. ಆದರೆ ಎಳೆದು ನೋಡಿದ ಹೊಲಿಗೆ ನನಗೆ ಒಂದೇ ಗೊತ್ತು. ಪಟ್ಟಿ, ರಿಂಗು, ಕೊಂಡಿ, ನನ್ನ ಅಳತೆ ಎಲ್ಲವನ್ನೂ ಚೀಲದಲ್ಲಿ ಹಾಕಿ ಕಲಬುರಗಿ ಬಸ್ಸಿಗೆ ಕೊಟ್ಟಿದ್ದೇನೆ. ಆಗುವುದಿಲ್ಲ ಎಂದರೆ ಹಾಗೇ ತಿರುಗಿ ಕಳಿಸಿ.

ಸುನೀಲಕುಮಾರ


ಆಳಂದ
೨ ನವೆಂಬರ್ ೨೦೨೪

ಸುನೀಲಕುಮಾರ ಅವರಿಗೆ,

ತಿರುಗಿ ಕಳಿಸಿಲ್ಲ. ಹೊಲಿದು ಕಳಿಸಿದ್ದೇನೆ.

ನೀವು ಕೊಟ್ಟ ಸೊಂಟದ ಅಳತೆ ನಿಂತುಕೊಂಡು ತೆಗೆದದ್ದು. ನೀರಿನಲ್ಲಿ ನೀವು ಮಲಗಿರುತ್ತೀರಿ. ಧಮ್ಮನಿಗೆ ಹೊಲಿಯುವಾಗ ಅವನನ್ನು ಅಂಗಡಿಯ ಕಟ್ಟೆಯ ಮೇಲೆ ಬೋರಲು ಮಲಗಿಸಿ ಅಳೆಯುತ್ತಿದ್ದೆ, ಬಸ್ಸಿಗೆ ಕಾದವರೆಲ್ಲ ನಿಂತು ನೋಡುತ್ತಿದ್ದರು. ನೀವೂ ಮನೆಯಲ್ಲಿ ಬೋರಲು ಮಲಗಿ ಇನ್ನೊಮ್ಮೆ ಅಳೆಸಿಕೊಳ್ಳಿ. ಮನೆಯವರು ಕೇಳಿದರೆ ಬೆನ್ನುನೋವು ಎನ್ನಿ. ಸದ್ಯಕ್ಕೆ ಸೊಂಟದ ಕಡೆ ಒಂದಿಷ್ಟು ಪಟ್ಟಿ ಮಡಚಿ ಬಿಟ್ಟಿದ್ದೇನೆ.

ಗಾಳಿಚೀಲ ಮೇಲೆ ಸರಿಯದಂತೆ ಕಾಲಸಂದಿನ ಪಟ್ಟಿಗೆ ಎರಡು ಕಡೆ ಹಿಡಿದಿದ್ದೇನೆ. ಎಡ ಎದೆಯ ರಿಂಗನ್ನು ನಾಲ್ಕು ಬೆರಳು ಕೆಳಗಿಳಿಸಿದೆ, ನಿಮ್ಮ ಕೈ ಅಲ್ಲಿಗೆ ಮುಟ್ಟುತ್ತದೆಯೋ ನೋಡಿ ಬರೆಯಿರಿ. ಕೊಂಡಿಗಳನ್ನೆಲ್ಲ ದಾರದಿಂದ ಕಟ್ಟಿದ್ದೇನೆ.

ಒಂದು ಕೇಳುವುದಿದೆ. ಇದೆಲ್ಲ ನಿಮಗಾಯಿತು. ಅವನನ್ನು ಹೇಗೆ ತರುತ್ತೀರಿ? ನೀರಿನಲ್ಲಿ ಅವನ ಭಾರ ಎಷ್ಟಿರುತ್ತದೆ? ಈ ಪ್ರಶ್ನೆ ಬರೆಯುವಾಗ ನನ್ನ ಕೈ ನಡುಗಬೇಕಿತ್ತು. ನಡುಗಲಿಲ್ಲ.

ಪಂಚಶೀಲಾ


ಜೇವರ್ಗಿ
೧೦ ನವೆಂಬರ್ ೨೦೨೪

ಪಂಚಶೀಲಾ ಅವರಿಗೆ ಶರಣು.

ರಿಂಗಿಗೆ ಕೈ ಮುಟ್ಟುತ್ತದೆ. ಬೋರಲು ಮಲಗಿ ಅಳೆಸಿಕೊಂಡೆ. ನನ್ನ ಅವ್ವ ಗುರಮ್ಮ ಅಳತೆ ಹಿಡಿದಳು. ಬೆನ್ನುನೋವು ಎಂದೆ. ಅವಳು ಅಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಏನೂ ಕೇಳಲಿಲ್ಲ.

ಮನುಷ್ಯ ನೀರಿನಲ್ಲಿ ಭಾರವಿಲ್ಲ. ಅವನ ಮೈಮೇಲಿನ ಯಂತ್ರ, ಸಿಲಿಂಡರು, ಸೀಸದ ಬಿಲ್ಲೆಗಳು ಭಾರ. ಅವನ್ನೆಲ್ಲ ಅಲ್ಲಿ ಬಿಚ್ಚುತ್ತ ಕೂರಲಾಗದು. ಅದಕ್ಕೆ ಅವನಿಗೂ ಒಂದು ಸಣ್ಣ ಗಾಳಿಚೀಲ ಹೊಲಿಯಬೇಕು. ಎದೆಗೆ ಕಟ್ಟಿ ಗಾಳಿ ತುಂಬಿದರೆ ಮೇಲೂ ಹೋಗದೆ ಕೆಳಗೂ ಬೀಳದೆ ನಡುನೀರಿನಲ್ಲಿ ನಿಲ್ಲುತ್ತಾನೆ. ಆಮೇಲೆ ಎಳೆದುಕೊಂಡು ಬರಲು ಒಂದು ಪಟ್ಟಿ, ನನ್ನ ಹಾರ್ನೆಸ್ಸಿನ ಹಿಂದಿನ ರಿಂಗಿನಿಂದ ಅವನ ಹಾರ್ನೆಸ್ಸಿಗೆ. ನನ್ನ ಎರಡು ಮಾರು ಉದ್ದವಿರಲಿ. ಇದಕ್ಕೆ ಮಾತ್ರ ದಾರದ ಗಂಟು ಬೇಡ. ಲೋಹಕ್ಕೆ ಲೋಹ ಹಾಕಿ, ನಿಮಗೆ ಗೊತ್ತಿರುವ ಎಲ್ಲಕ್ಕಿಂತ ಗಟ್ಟಿ ಹೊಲಿಗೆ ಹಾಕಿ.

ಸುನೀಲಕುಮಾರ


ಆಳಂದ
೧೮ ನವೆಂಬರ್ ೨೦೨೪

ಸುನೀಲಕುಮಾರ ಅವರಿಗೆ,

ಹಿಂದಿನ ರಿಂಗಿಗೆ ನಿಮ್ಮ ಎಡಗೈ ಹೋಗುವುದಿಲ್ಲ. ಸಂದಿಯಲ್ಲಿದ್ದಾಗ ಬಲಗೈ ಮುಂದೆ ಚಾಚಿರುತ್ತದೆ. ಅಂದರೆ ಆ ಪಟ್ಟಿಯನ್ನು ಬಿಚ್ಚಲು ನಿಮಗೆ ಯಾವ ಕೈಯೂ ಇಲ್ಲ. ನೀವು ಬರೆದ ಮೊದಲ ನಿಯಮ ನಿಮಗೇ ಮರೆತಿದೆಯೇ?

ಅಪ್ಪನ ಒಂದು ರೂಢಿ ಹೇಳುತ್ತೇನೆ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ಕಾಲದ್ದು. ಜತ್ತಿಗೆಯನ್ನೆಲ್ಲ ಮೇಣದ ದಾರದಿಂದ ಗಟ್ಟಿಯಾಗಿ ಹೊಲಿದು ಒಂದು ಕಡೆ ಮಾತ್ರ ಬಿಡುತ್ತಿದ್ದ. ಅಲ್ಲಿ ಹತ್ತಿಯ ದಾರದಲ್ಲಿ ಕಚ್ಚಾ ಹೊಲಿಗೆ. ದಿನದ ಎಳೆತಕ್ಕೆ ಅದು ಜಗ್ಗುವುದಿಲ್ಲ. ಜೋಡಿಯಲ್ಲಿ ಒಂದು ಎತ್ತು ಕಾಲು ಜಾರಿ ಬಾವಿಗೆ ಬಿದ್ದರೆ ಆ ಭಾರಕ್ಕೆ ಪಟಕ್ಕನೆ ಹರಿಯುತ್ತದೆ, ಇನ್ನೊಂದು ಎತ್ತು ದಂಡೆಯ ಮೇಲೆ ಉಳಿಯುತ್ತದೆ. ಆ ಕಚ್ಚಾ ಹೊಲಿಗೆಯನ್ನು ಅಪ್ಪ ಹಾಕುತ್ತಿರಲಿಲ್ಲ. ಕಷ್ಟಪಟ್ಟು ಹೊಲಿದದ್ದನ್ನು ತಾನೇ ಕೆಡಿಸಲು ಕೈ ಬರುವುದಿಲ್ಲ ಎಂದು ಅವ್ವನ ಮುಂದೆ ಎಸೆಯುತ್ತಿದ್ದ. ನಮ್ಮ ಜನರಲ್ಲಿ ಜತ್ತಿಗೆಯ ಆ ಕೊನೆಯ ಹೊಲಿಗೆ ಮನೆಯ ಹೆಂಗಸಿನದು. ಅಪ್ಪ ಹೊಲಿದ ಜತ್ತಿಗೆಗಳಿಗೆಲ್ಲ ಅವ್ವನೇ ಅದನ್ನು ಹಾಕಿದ್ದಾಳೆ.

ಎಳೆಯುವ ಪಟ್ಟಿಗೂ ಅಂಥದ್ದೊಂದು ಇರಲಿ ಎಂದು ಕಾಣುತ್ತದೆ. ನಿಮ್ಮ ವಿಚಾರ ಬರೆಯಿರಿ. ನೀವು ಹೇಳಿದಂತೆ ಹೊಲಿಯುತ್ತೇನೆ.

ಪಂಚಶೀಲಾ


ಜೇವರ್ಗಿ
೨೫ ನವೆಂಬರ್ ೨೦೨೪

ಪಂಚಶೀಲಾ ಅವರಿಗೆ ಶರಣು.

ಬೇಡ. ನಿಯಮ ಮರೆತಿಲ್ಲ. ತಿಳಿದೇ ಬೇಡವೆನ್ನುತ್ತಿದ್ದೇನೆ.

ಅವತ್ತು ಬಿಡಲು ನನ್ನ ಕೈಯಲ್ಲಿತ್ತು, ಬಿಟ್ಟೆ. ಈ ಸಲ ಬಿಡುವ ಮಾತು ನನ್ನ ಕೈಯಲ್ಲಿ ಇರಬಾರದು, ಪಟ್ಟಿಯ ಕೈಯಲ್ಲೂ ಇರಬಾರದು. ಬಂದರೆ ಇಬ್ಬರೂ ಬರುತ್ತೇವೆ. ಇದನ್ನು ತಂಡದವರಿಗೆ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ನಿಮಗೆ ಮಾತ್ರ ಬರೆದಿದ್ದೇನೆ, ಏಕೆಂದರೆ ಹೊಲಿಯುವವರಿಗೆ ಸುಳ್ಳು ಅಳತೆ ಕೊಡಬಾರದು.

ಸುನೀಲಕುಮಾರ


ಆಳಂದ
೧೬ ಡಿಸೆಂಬರ್ ೨೦೨೪

ಸುನೀಲಕುಮಾರ ಅವರಿಗೆ,

ನಿನ್ನೆ ನೀವು ಪಟ್ಟಿ ತೊಟ್ಟು ಇಳಿದು ನೋಡಿದ ಕರಜಗಿಯ ಬಾವಿಯ ಮೇಲೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತೇನೆ, ಅದೂ ಬರೀ ಪಟ್ಟಿಯ ವಿಚಾರ.

ನೀವು ನೀರಿನಲ್ಲಿ ಮಲಗಿದಾಗ ಗಾಳಿಚೀಲ ಎಡಕ್ಕೆ ಉಬ್ಬುತ್ತಿತ್ತು. ಅದರ ಮೇಲಿನ ರಬ್ಬರ್ ದಾರವನ್ನು ಬಿಗಿ ಮಾಡುತ್ತೇನೆ. ಚಾಕು ಇನ್ನೂ ಸ್ವಲ್ಪ ಮುಂದೆ ಬರಬೇಕು, ನೀವು ಎರಡು ಸಲ ತಡಕಿದಿರಿ. ಅವನ ಚೀಲ ಸರಿಯಾಗಿದೆ. ಅವನ ತೂಕಕ್ಕೆಂದು ನೀವು ತುಂಬಿಸಿದ ಉಸುಕಿನ ಮೂಟೆ ನಡುನೀರಿನಲ್ಲಿ ನಿಂತದ್ದನ್ನು ಕಂಡೆ. ಬಾವಿಯ ಮಾಲೀಕ ಮಲಂಗಸಾಬ ಕಬ್ಬಿನ ನೀರು ಕಟ್ಟುವುದನ್ನು ಬಿಟ್ಟು ಬಂದು, “ಉಸುಕಿನ ಚೀಲಕ್ಕ ಇಷ್ಟ್ಯಾಕ ಮರ್ಯಾದಿ ಮಾಡಾಕತ್ತೀರ್ರಿ?” ಎಂದು ನಕ್ಕ. ನೀವು ಮೂಟೆಯನ್ನು ಎರಡೂ ಕೈಯಿಂದ ತಬ್ಬಿ ಮೆಟ್ಟಿಲ ಮೇಲೆ ಇಟ್ಟಿರಿ. ಅವನ ನಗು ಅಲ್ಲಿಗೇ ನಿಂತಿತು.

ಧಮ್ಮ ಈಜು ಕಲಿತದ್ದು ಅದೇ ಬಾವಿಯಲ್ಲಿ. ಸೊಂಟಕ್ಕೆ ಅಪ್ಪನ ಒಂದು ಹಳೆಯ ಮಿಣಿಹಗ್ಗ ಕಟ್ಟಿ ನಾನು ಮೇಲೆ ಹಿಡಿದು ನಿಂತಿರುತ್ತಿದ್ದೆ. ಅದೇ ಮೆಟ್ಟಿಲು ನೋಡಿದರೆ ಏನಾದರೂ ಆಗಬಹುದು ಎಂದು ಹೆದರಿಯೇ ಬಂದಿದ್ದೆ. ಏನೂ ಆಗಲಿಲ್ಲ. ಮರಳಿ ಬರುವಾಗ ಅಫಜಲಪುರದಲ್ಲಿ ಬಸ್ಸಿಳಿದು ಮಷೀನಿಗೆ ಎಣ್ಣೆ ಕೊಂಡೆ.

ಎಳೆಯುವ ಪಟ್ಟಿಯನ್ನು ನೀವು ಹೇಳಿದಂತೆಯೇ ಹೊಲಿದಿದ್ದೇನೆ. ನೈಲಾನ್ ದಾರ, ಚೌಕದ ಹೊಲಿಗೆ, ನಡುವೆ ಎರಡು ಅಡ್ಡ ಗೆರೆ. ಲೋಹಕ್ಕೆ ಲೋಹ. ಕಲ್ಲಿಗೆ ಉಜ್ಜಬಾರದೆಂದು ಕೂಡಿಸಿದ ಜಾಗಕ್ಕೆ ರೆಕ್ಸಿನಿನ ಗವಸು ತೊಡಿಸುತ್ತೇನೆ. ಟ್ರ್ಯಾಕ್ಟರ್ ಎಳೆದರೂ ಬಿಡುವುದಿಲ್ಲ. ನೀವು ಬರೆದದ್ದರ ಅರ್ಥ ನನಗೆ ತಿಳಿಯದೆ ಇಲ್ಲ. ತಿಳಿದೂ ಬೇಡ ಎನ್ನುವಷ್ಟು ಏನೂ ನನ್ನೊಳಗೆ ಉಳಿದಿಲ್ಲ. ಅವ್ವನಿಗೆ ಮಗ ಬೇಕು. ನಿಮಗೆ ಹೋಗಬೇಕು. ನನಗೆ ಹೊಲಿಯಲು ಬರುತ್ತದೆ.

ಪಂಚಶೀಲಾ


ಆಳಂದ
೮ ಜನವರಿ ೨೦೨೫

ಸುನೀಲಕುಮಾರ ಅವರಿಗೆ,

ಎಲ್ಲವನ್ನೂ ಈ ಚೀಲದಲ್ಲಿ ಇಟ್ಟಿದ್ದೇನೆ: ನಿಮ್ಮ ಹಾರ್ನೆಸ್, ನಿಮ್ಮ ಗಾಳಿಚೀಲ, ಅವನದು, ಎಳೆಯುವ ಪಟ್ಟಿ. ಹೋದ ವಾರವೇ ಕಳಿಸಬೇಕಿತ್ತು. ಹೊಲಿದದ್ದೆಲ್ಲ ಕಪಾಟಿನ ಮೇಲೆ ಹಾಗೇ ಇತ್ತು, ಗವಸು ತೊಡಿಸುವುದೊಂದೇ ಬಾಕಿ. ತಡವಾದದ್ದಕ್ಕೆ ಕಾರಣ ನಿಮ್ಮ ಅವ್ವ.

ನೀವು ಹೇಳಿ ಕಳಿಸಿದಿರೋ ಇಲ್ಲವೋ ಗೊತ್ತಿಲ್ಲ, ಇಲ್ಲವೆಂದೇ ನನ್ನ ಎಣಿಕೆ. ಎಳ್ಳ ಅಮಾವಾಸ್ಯೆ ಮುಗಿದ ಎರಡು ದಿನಕ್ಕೆ ಒಬ್ಬರು ಹೆಂಗಸು ಬಿಸಿಲಿನಲ್ಲಿ ಅಂಗಡಿಯ ಮುಂದೆ ಬಂದು ನಿಂತರು. ತಲೆ ತುಂಬ ಸೆರಗು, ಕೈಯಲ್ಲಿ ಸ್ಟೀಲ್ ಡಬ್ಬಿ. “ನಾ ಸುನೀಲನ ತಾಯಿರಿ, ಜೇವರ್ಗಿಯಿಂದ ಬಂದೀನಿ. ಪಟ್ಟಿ ಹೊಲ್ಯಾಕತ್ತೀರಂತಲ್ಲ, ನೋಡ್ಯಾರೆ ಹೋಗಾಮಂತ ಬಂದೆ” ಎಂದರು. ಡಬ್ಬಿಯಲ್ಲಿ ಭಜ್ಜಿ ಪಲ್ಲೆ, ಸಜ್ಜೆ ರೊಟ್ಟಿ ಇತ್ತು.

ನಮ್ಮ ಓಣಿಗೆ ನಿಮ್ಮ ಮನೆಯವರು ಬಂದದ್ದು ಇದೇ ಮೊದಲು. ಧಮ್ಮ ನಿಮ್ಮ ಮನೆಗೆ ಬಂದಾಗ ಅವನಿಗೆ ಚಹಾ ಕೊಡುವ ಕಪ್ಪು ಹಿತ್ತಲಿನ ಗೂಡಿನಲ್ಲಿ ಬೇರೆ ಇರುತ್ತಿತ್ತಂತೆ. ಅವನು ಅದನ್ನು ನಕ್ಕು ಹೇಳುತ್ತಿದ್ದ, ನಾನು ನಗುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ನಿಮ್ಮ ಅವ್ವನಿಗೆ ಎರಡು ಮಾತು ಅಂದು ಕಳಿಸುತ್ತಿದ್ದೆ. ಸುಮ್ಮನೆ ಪಟ್ಟಿ ತೆಗೆದು ತೋರಿಸಿದೆ. ಅವರು ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಯಾಡಿಸಿ ನೋಡಿದರು. “ಭಾಳ ಗಟ್ಟಿ ಅದರಿ” ಎಂದರು. ಅಷ್ಟೇ. ಆಮೇಲೆ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವ್ವ ಹೊರಗಿನಿಂದ ಚಹಾ ತರಿಸಬೇಡ, ಮನೆಯಲ್ಲೇ ಮಾಡು ಎಂದಳು. ಮಾಡಿದೆ. ನಮ್ಮ ಕಪ್ಪಿನಲ್ಲಿ ಕೊಟ್ಟೆ. ನಿಮ್ಮ ಅವ್ವ ತಳದವರೆಗೆ ಕುಡಿದರು. ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ಮುದುಕಿಯರು ಹಾಗೇ ಕೂತಿದ್ದರು. ನಾನು ಕೇಳಿಸಿಕೊಂಡಂತೆ ಒಂದು ಮಾತೂ ಆಗಲಿಲ್ಲ.

ಅವರು ಹೋದ ಮೇಲೆ ಅವ್ವ ಕೌದಿ ಹೊಲಿಯಬೇಕೆಂದು ಹಟ ಹಿಡಿದಳು. ಹತ್ತು ತಿಂಗಳಿನಿಂದ ಸೂಜಿ ಮುಟ್ಟಿರಲಿಲ್ಲ. ನಾನು ದಾರ ಪೋಣಿಸಲು ಹೋದರೆ ನನ್ನನ್ನು ಬೈದು, ಪಕ್ಕದ ಮನೆಯ ಪ್ಯಾರಿಬಿಯನ್ನು ಕರೆಸಿ ಪೋಣಿಸಿಕೊಂಡಳು. ಬೈಗುಳ ಕೇಳಿ ಪ್ಯಾರಿಬಿಗೇ ಖುಷಿಯಾಯಿತು, “ಖಾಲಾ ಹುಷಾರ್ ಆಗ್ಯಾಳ ನೋಡು” ಎಂದಳು. ಮರುದಿನ ನಾನು ಸಾಮಾನು ತರಲು ಕಲಬುರಗಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ನನ್ನ ಕಪಾಟನ್ನೆಲ್ಲ ಒಪ್ಪ ಮಾಡಿ, ಎಳೆಯುವ ಪಟ್ಟಿಗೆ ತಾನೇ ಗವಸು ತೊಡಿಸಿ ಕೈಯಿಂದ ಹೊಲಿದಿಟ್ಟಿದ್ದಳು. ಕಣ್ಣು ಕಾಣದಿದ್ದರೂ ಗವಸಿನ ಅಂಚು ನೆಟ್ಟಗೇ ಇದೆ. ಹಾಗೇ ಕಳಿಸಿದ್ದೇನೆ.

ಹೋಗಿ ಬನ್ನಿ ಎಂದು ಬರೆಯಬೇಕು. ಬರೆದಿದ್ದೇನೆ.

ಪಂಚಶೀಲಾ


ಜೇವರ್ಗಿ
೨೪ ಫೆಬ್ರವರಿ ೨೦೨೫

ಪಂಚಶೀಲಾ ಅವರಿಗೆ,

ಧಮ್ಮ ಬರಲಿಲ್ಲ. ಮೊನ್ನೆ ನಾನೊಬ್ಬನೇ ಊರಿಗೆ ಬಂದೆ.

ನಾನು ಬಿಟ್ಟ ಜಾಗದಲ್ಲೇ ಅವನು ಇದ್ದ. ಸೂಟಿನೊಳಗೆ ಇದ್ದ, ಮುಖ ನೋಡಲಿಲ್ಲ. ಚೀಲ ಕಟ್ಟಿ ಗಾಳಿ ತುಂಬಿದೆ. ಕರಜಗಿಯ ಮೂಟೆಯಂತೆ ಹಗುರಾಗಿ ಎದ್ದು ನಿಂತ. ಪಟ್ಟಿ ಹಾಕಿ ಸಂದಿಗೆ ತಲೆ ಕೊಟ್ಟೆ. ನಾನು ಅರ್ಧ ದಾಟಿದ್ದೆ. ಹಿಂದೆ ಅವನ ಚೀಲದ ವಾಲ್ವು ಕಲ್ಲಿಗೆ ಒತ್ತಿರಬೇಕು, ಗಾಳಿಯೆಲ್ಲ ಹೋಯಿತು. ಒಮ್ಮೆಲೇ ಭಾರವಾಗಿ ಗುಂಡಿಯ ಕಡೆ ಜಾರಿದ. ನನ್ನನ್ನು ಹಿಂದಕ್ಕೆ ಎಳೆಯಿತು. ಸೊಂಟ ಕಲ್ಲಿಗೆ ಸಿಕ್ಕಿಕೊಂಡಿತು, ಬಲಗೈ ಮುಂದೆ, ಎಡಗೈ ಕೆಲಸಕ್ಕಿಲ್ಲ. ಬಾಯಿಯ ಕೊಳವೆ ಕಳಚುವ ಹಾಗಾಯಿತು. ಸರಿ, ಹೀಗೇ ಆಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಯೆನಿಸಿತು.

ಆಗ ಪಟ್ಟಿ ಹರಿಯಿತು.

ಈಚೆ ಕಾದಿದ್ದವರು ನನ್ನನ್ನು ಕೈ ಹಿಡಿದು ಎಳೆದುಕೊಂಡರು. ಅವನು ಗುಂಡಿಗೆ ಹೋದ. ಅದರ ತಳ ಯಾರೂ ಕಂಡಿಲ್ಲ. ಇನ್ನು ಅವನನ್ನು ಯಾರೂ ತರಲಾರರು.

ನಾನು ಕೇಳಿದ್ದೇನು, ನೀವು ಕೊಟ್ಟಿದ್ದೇನು? ಟ್ರ್ಯಾಕ್ಟರ್ ಎಳೆದರೂ ಬಿಡುವುದಿಲ್ಲ ಎಂದು ಬರೆದವರು ನೀವೇ. ಕಚ್ಚಾ ಹೊಲಿಗೆ ಬೇಡವೆಂದು ಕೈಮುಗಿದು ಕೇಳಿದ್ದೆ. ನನಗೆ ಹೇಳದೆ ಹಾಕಿದಿರಿ. ಎರಡನೇ ಸಲವೂ ಅವನನ್ನು ಬಿಟ್ಟು ಬಂದವನಾದೆ. ದ್ರೌಪದಮ್ಮನವರಿಗೆ ಏನು ಹೇಳುತ್ತೀರೋ ನೀವೇ ಹೇಳಿ. ನನ್ನ ಕಡೆ ಉಳಿದ ಹರಿದ ಪಟ್ಟಿಯನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ನೋಡಿ.

ಸುನೀಲಕುಮಾರ


ಆಳಂದ
೨ ಮಾರ್ಚ್ ೨೦೨೫

ತಮ್ಮಾ ಸುನೀಲ,

ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಒಂದು ವರ್ಷದ ಮೇಲೆ ಮೊದಲ ಸಲ ಬಂದ ಸಿಟ್ಟು. ನಾನು ಹಾಕಿಲ್ಲ. ನೀನು ಹೇಳಿದಂತೆ, ಒಂದು ನೂಲೂ ಹೆಚ್ಚುಕಡಿಮೆ ಇಲ್ಲದೆ ಹೊಲಿದಿದ್ದೆ. ಸಾಯಲು ಹೊರಟವನು ಕೊಟ್ಟ ಅಳತೆ ಎಂದು ತಿಳಿದೂ ಹೊಲಿದಿದ್ದೆ. ಅದನ್ನು ಈಗ ಬರೆಯುವಾಗ ಹೆದರಿಕೆಯಾಗುತ್ತಿದೆ.

ನನ್ನ ಕೆಲಸ ನಾನೇ ನೋಡಬೇಕೆಂದು ಪಟ್ಟಿಯ ತುದಿಯಲ್ಲಿ ಉಳಿದಿದ್ದ ಗವಸು ಬಿಚ್ಚಿದೆ. ಒಳಗೆ ನನ್ನ ಚೌಕದ ಹೊಲಿಗೆ ಇರಲಿಲ್ಲ. ಯಾರೋ ಅದನ್ನು ಒಂದೊಂದಾಗಿ ಬಿಚ್ಚಿ ತೆಗೆದಿದ್ದರು. ಆ ಜಾಗದಲ್ಲಿ ಬಿಳಿ ಹತ್ತಿಯ ದಾರದ ತುಂಡುಗಳು, ಓರೆ ಓರೆಯಾಗಿ ಹಾಕಿದ ಕೈಹೊಲಿಗೆ. ಹುಟ್ಟಿದಾಗಿನಿಂದ ಆ ಓರೆ ಹೊಲಿಗೆಯ ಕೌದಿ ಹೊದ್ದು ಮಲಗಿದವಳು ನಾನು. ಯಾರದೆಂದು ಕೇಳಬೇಕಾಗಿರಲಿಲ್ಲ.

ಪಟ್ಟಿಯನ್ನು ಅವ್ವನ ಕೈಗೆ ಇಟ್ಟೆ. ಹರಿದ ತುದಿಯನ್ನು ಬೆರಳಿನಿಂದ ಸವರಿ ನೋಡಿದಳು.

“ಹರೀತೇನು?”

“ಹರೀತು.”

“ಗುರಮ್ಮನ ಮಗ ಮನೀಗಿ ಬಂದಾನೇನು?”

“ಬಂದಾನ.”

“ಹಂಗಾದ್ರ ಬರೋಬ್ಬರಿ ಕುಂತಿತ್ತು” ಎಂದಳು.

ನಾನು ಕೂಗಿಬಿಟ್ಟೆ. “ಮತ್ತ ನಮ್ಮ ಧಮ್ಮ? ದಿನಾ ಮಗ ಬರ್ತಾನೇನು ಅಂತ ಕೇಳತಿದ್ದಿ. ಇನ್ನ ಅವ ಬರಂಗಿಲ್ಲ ಬೇ, ಎಂದೂ ಬರಂಗಿಲ್ಲ!” ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಅವ್ವ ಪಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಹೇಳಿದಳು: “ಕೇಳತಿದ್ದೆ ಖರೆ. ಇನ್ನೊಬ್ಬಾಕಿ ಮಗನ ಕೊಳ್ಳಿಗಿ ಕಟ್ಟಿ ಎಳಕೊಂಡು ಬಾ ಅಂದಿದ್ನೇನು? ಆಕಿ ಅಷ್ಟು ದೂರದಿಂದ ಬಂದು ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲ. ಪಟ್ಟಿ ಮುಟ್ಟಿ ನೋಡಿದಾಗ ಆಕಿ ಕೈ ನಡಗತಿತ್ತು. ನೀ ನೋಡಲಿಲ್ಲ, ನನಗ ಬಾಜೂಕ ಕುಂತಾಗ ಗೊತ್ತಾತು. ಹೊಲಿಗಿ ನಂದು. ನಾ ಹಾಕಿದೆ.”

ಹಾಗಾಗಿ ಈ ಸಲ ಬಿಟ್ಟದ್ದು ನೀನಲ್ಲ. ಅವನ ತಾಯಿ ಬಿಟ್ಟಳು. ಅವಳಿಗೆ ಆ ಹಕ್ಕು ಇತ್ತು ಎಂದು ನಾನು ತಿಳಿದಿದ್ದೇನೆ. ನೀನೂ ಹಾಗೇ ತಿಳಿ. ಬರುವ ಹುಣ್ಣಿಮೆಗೆ ಮೈಯಿಲ್ಲದೆಯೇ ಬುದ್ಧವಂದನೆ ಹೇಳಿಸಬೇಕೆಂದು ಅವ್ವನೇ ಹೇಳಿದ್ದಾಳೆ. ನೀನು ಬರಬೇಕು, ನಿಮ್ಮ ಅವ್ವನನ್ನೂ ಕರೆತರಬೇಕು. ಇದು ಅವ್ವನ ಮಾತು, ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇನ್ನೊಂದು. ಮಾತು ಮುಗಿಸಿದ ಮೇಲೆ ಅವ್ವ ಪಟ್ಟಿಯ ಹರಿದ ತುದಿಯನ್ನು ಮಡಚಿ ಹಿಡಿದು, “ಛಲೋ ಪಟ್ಟಿ ಅದ, ಚೆಲ್ಲಬ್ಯಾಡ. ಚೀಲಕ್ಕ ಹಿಡಿಕಿ ಆಗ್ತದ. ಸೂಜಿಗಿ ದಾರ ಪೋಣಿಸಿ ಕೊಡು” ಎಂದಳು. ಪ್ಯಾರಿಬಿಯನ್ನು ಕರೆಯಲಿಲ್ಲ, ನನ್ನನ್ನೇ ಕೇಳಿದಳು. ಸೂಜಿ ಎತ್ತಿಕೊಂಡೆ. ದಾರದ ತುದಿ ಬಾಯಿಗೆ ಹಾಕಿ ಒದ್ದೆ ಮಾಡಿದೆ. ಪೋಣಿಸಲು ಆಗಲಿಲ್ಲ. ಇಷ್ಟು ದಿನ ಒಂದು ಹೊಲಿಗೆಯೂ ತಪ್ಪದ ಕೈ ಈಗ ನಡುಗುತ್ತಿದೆ, ಕಣ್ಣು ತುಂಬಿ ಸೂಜಿಯ ಕಣ್ಣು ಕಾಣುತ್ತಿಲ್ಲ.

ಸೂಜಿ ಹಾಗೇ ಕಟ್ಟೆಯ ಮೇಲೆ ಇದೆ. ಎದೆಯ ಮಟ್ಟಕ್ಕೆ ನಿನ್ನ ಕೈ ಏಳುತ್ತದಲ್ಲ, ಅಷ್ಟು ಸಾಕು. ಬಂದು ಪೋಣಿಸಿ ಕೊಡು.

ನಿನ್ನ ಅಕ್ಕ,
ಪಂಚಶೀಲಾ